ಥೀಟಾ ಯಾರ ಮನೆಯದು?

ಹೋದ ವರ್ಷ ದೀಪಾವಳಿ ಮುಗಿದ ವಾರ, ರಾತ್ರಿ ಹತ್ತೂವರೆಗೆ ಪುಣೆಯಿಂದ ತಮ್ಮನ ಫೋನು ಬಂತು. ನಾವು ಡೊಂಬಿವಲಿಯಲ್ಲಿ ಒಂಬತ್ತೂವರೆಗೇ ದೀಪ ಆರಿಸುವವರು. ಆ ಹೊತ್ತಿಗೆ ಫೋನು ಹೊಡೆದುಕೊಂಡರೆ ಧಾರವಾಡದಲ್ಲಿರುವ ಅವ್ವನ ನೆನಪೇ ಮೊದಲು ಬರುತ್ತದೆ.

"ಅವ್ವ ಆರಾಮ ಇದ್ದಾಳಿಲ್ಲೋ?" ಎಂದೆ.

"ಅವ್ವ ಆರಾಮ ಇದ್ದಾಳ. ನಂದ ಆರಾಮ ಇಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಮಾರ್ಕೆಟ್ ನಾ ಅಂದುಕೊಂಡಂಗ ಮ್ಯಾಲೆ ಹೋತು. ಆದ್ರೂ ನನ್ನ ರೊಕ್ಕ ಹೋತು. ಇದು ಹೆಂಗ?" ಎಂದು ಕೇಳಿದ.

ಎಷ್ಟು ಹೋಯಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನೇ ಹೇಳಿದ. ಎರಡು ವರ್ಷದಲ್ಲಿ ಒಂಬತ್ತು ಲಕ್ಷ ಚಿಲ್ಲರೆ. ನಿವೃತ್ತಿಯಾದಾಗ ಬಂದ ಹಣ. ಹೆಂಡತಿಗೆ ಹೇಳಿರಲಿಲ್ಲ.

ನನ್ನ ತಮ್ಮ ದಡ್ಡನಲ್ಲ. 31 ವರ್ಷ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಅವನ ಕೈಯಲ್ಲಿ ಕಲಿತ ಹುಡುಗರು ಈಗ ಎಲ್ಲೆಲ್ಲೋ ಇದ್ದಾರೆ. ಮರುದಿನ ಬೆಳಿಗ್ಗೆ ಅವನು ಕಳಿಸಿದ ಮೊಬೈಲ್ ಪರದೆಯ ಚಿತ್ರಗಳನ್ನು ನೋಡಿದೆ. ನಿಫ್ಟಿ ಆಪ್ಷನ್‌ಗಳ ಪಟ್ಟಿ. ಪಕ್ಕದಲ್ಲಿ ನಾಲ್ಕು ಅಂಕಣ: ಡೆಲ್ಟಾ, ಗಾಮಾ, ಥೀಟಾ, ವೇಗಾ. ಥೀಟಾದ ಕೆಳಗೆ ಮೈನಸ್ ಒಂಬತ್ತು ಚಿಲ್ಲರೆ ಎಂದಿತ್ತು.

"ಈ ಥೀಟಾ ಏನಂತ ನೋಡಿದ್ದಿಲ್ಲೇನು?" ಎಂದು ಕೇಳಿದೆ.

"ನೋಡಿದ್ದೆ. ಗ್ರಾಫಿನ ಕೋನ ಇರಬೇಕು, ಇಳಿಜಾರಿದ್ರ ಮೈನಸ್ ಬರ್ತದ ಅಂದುಕೊಂಡೆ. ಮೂವತ್ತು ವರ್ಷ ಥೀಟಾ ಕಲಿಸ್ದಾಂವ, ಈಗ ಯಾರಿಗೆ ಕೇಳಲಿ?"

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ನನ್ನ ಮಟ್ಟಿಗೂ ಥೀಟಾ ಎಂದರೆ ಕೋನವೇ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಬ್ಯಾಂಕ್ ಕೆಲಸ ಮಾಡುವ ಮಗಳು ಭಾನುವಾರ ಚಹಾ ಕುಡಿಯುತ್ತ ಬಿಡಿಸಿ ಹೇಳಿದಳು. "ಕಾಕಾನ ರೊಕ್ಕ ಐಸ್ ಗಡ್ಡಿ ಇದ್ದಂಗ, ಅಪ್ಪಾ. ಅಂವ ಕೈಯಾಗ ಹಿಡಕೊಂಡು ಮಾರ್ಕೆಟ್ ಏರ್ತದೇನು ಅಂತ ಕಾಯಲಿಕ್ಕೆ ಹತ್ಯಾನ. ಥೀಟಾ ಅಂದ್ರ ಅದು ದಿನಕ್ಕ ಎಷ್ಟು ಕರಗ್ತದ ಅನ್ನೋದು."

ಆಪ್ಷನ್ ಎಂದರೆ, ಇಂಥ ದಿನದೊಳಗೆ ಇಂಥ ಬೆಲೆಗೆ ಕೊಳ್ಳುವ ಹಕ್ಕು ನನಗಿರಲಿ ಎಂದು ಮೊದಲೇ ಕೊಡುವ ಹಣ. ಸೈಟು ಕೊಳ್ಳುವಾಗ ಕೊಡುವ ಮುಂಗಡದಂತೆ. ಆದರೆ ಇದು ವಾಪಸ್ಸೂ ಬರುವುದಿಲ್ಲ, ಮುಂದೆ ಬೆಲೆಯಲ್ಲಿ ವಜಾ ಕೂಡ ಆಗುವುದಿಲ್ಲ. ಗಡುವು ದೂರವಿದ್ದಷ್ಟೂ ಆ ಹಕ್ಕಿಗೆ ಬೆಲೆ ಹೆಚ್ಚು, ಹತ್ತಿರ ಬಂದಂತೆ ಕಡಿಮೆ. ಸೂಚ್ಯಂಕ ಇದ್ದಲ್ಲೇ ಇದ್ದರೂ ಬೆಲೆ ಇಳಿಯುತ್ತದೆ. ದಿನಕ್ಕೆ ಇಳಿಯುವ ಆ ಮೊತ್ತಕ್ಕೆ ಥೀಟಾ ಎಂದು ಹೆಸರು. ಶನಿವಾರ, ಭಾನುವಾರ ಪೇಟೆಗೆ ರಜೆ. ಕಾಲಕ್ಕೆ ರಜೆ ಇಲ್ಲ.

ಕರಗುವುದಾದರೂ ದಿನಕ್ಕೆ ಇಷ್ಟೇ ಎಂದು ಸಮನಾಗಿಲ್ಲ. ಸದ್ಯದ ಬೆಲೆಗೇ ಹಕ್ಕು ಕೊಂಡ ಆಪ್ಷನ್ನಿನಲ್ಲಿ ಅದು ಸುಮಾರಾಗಿ ಉಳಿದ ದಿನಗಳ ವರ್ಗಮೂಲದ ಲೆಕ್ಕದಲ್ಲಿ ಹೋಗುತ್ತದೆ. ಗಡುವಿಗೆ 16 ದಿನ ಇದ್ದಾಗ 200 ರೂಪಾಯಿ ಇದ್ದದ್ದು, 4 ದಿನ ಉಳಿದಾಗ 100ಕ್ಕೆ ಬರುತ್ತದೆ. ಒಂದು ದಿನ ಉಳಿದಾಗ 50. ಗಡುವಿನ ಹೊತ್ತಿಗೆ ಸೊನ್ನೆ. ಅಂದರೆ ಮೊದಲ 12 ದಿನಕ್ಕೆ ನೂರು ಹೋದರೆ, ಕೊನೆಯ ಒಂದೇ ದಿನಕ್ಕೆ ಐವತ್ತು. ನನ್ನ ತಮ್ಮ ಅಗ್ಗವೆಂದು ಕೊಳ್ಳುತ್ತಿದ್ದದ್ದು ಯಾವಾಗಲೂ ಕೊನೆಯ ಮೂರು ನಾಲ್ಕು ದಿನಗಳ ಸರಕನ್ನೇ. ಅವನ ಅಂದಾಜಿನಂತೆ ನಿಫ್ಟಿ 60 ಅಂಕ ಏರಿದ ವಾರವೊಂದರ ಲೆಕ್ಕ ಹಾಕಿ ನೋಡಿದೆವು. ಆಪ್ಷನ್ನಿನ ಡೆಲ್ಟಾ ಅರ್ಧ ಇತ್ತು, ಹಾಗಾಗಿ 60 ಅಂಕಕ್ಕೆ ಅವನ ಪಾಲಿಗೆ ಬಂದದ್ದು 30 ರೂಪಾಯಿ. ಅಷ್ಟರಲ್ಲಿ ಥೀಟಾ ಸುಮಾರು 50 ತಿಂದಿತ್ತು. ಪೇಟೆ ಏರಿದರೂ ಹಣ ಹೋದದ್ದು ಹೀಗೆ.

ಇದರಲ್ಲಿ ಅವನು ಒಬ್ಬನೇ ಅಲ್ಲ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರೇ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಅವರೆಲ್ಲ ಥೀಟಾ ತಿಳಿಯದೆ ಕೆಟ್ಟವರು ಎಂದು ನಾನು ಹೇಳಲಾರೆ. ತಿಳಿದೂ ಕೆಟ್ಟವರು ಬೇಕಾದಷ್ಟು ಇರಬಹುದು. ಆದರೆ ನನ್ನ ತಮ್ಮನಂಥವರಿಗೆ ಆ ಅಕ್ಷರ ಹೊಸದಾಗಿದ್ದರೆ ಕೇಳಿ ತಿಳಿದುಕೊಳ್ಳುತ್ತಿದ್ದರು. ಹಳೆಯ ಪರಿಚಯವೇ ಮುಳುವಾಯಿತು.

ಈ ಹೆಸರುಗಳನ್ನು ಇಟ್ಟವರು ಯಾರೋ ಗೊತ್ತಿಲ್ಲದೆ ಇಟ್ಟದ್ದಲ್ಲ. ಆಪ್ಷನ್ನಿಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರ 1973ರಲ್ಲಿ ಬಂತು. ಅದನ್ನು ಬಳಸುವವರು ಬೆಲೆ ಯಾವುದರಿಂದ ಎಷ್ಟು ಅಲುಗಾಡುತ್ತದೆ ಎನ್ನುವುದಕ್ಕೆಲ್ಲ ಒಂದೊಂದು ಗ್ರೀಕ್ ಅಕ್ಷರ ಹಚ್ಚಿದರು. ಕಾಲಕ್ಕೆ ಇಂಗ್ಲಿಷಿನಲ್ಲಿ ಟೈಮ್, ಆದ್ದರಿಂದ ಥೀಟಾ. ಬಡ್ಡಿ ದರಕ್ಕೆ ರೇಟ್, ಆದ್ದರಿಂದ ರೋ. ಪೇಟೆಯ ಏರುಪೇರಿಗೆ ವೊಲಟಿಲಿಟಿ. ಅದಕ್ಕೆ ವಕಾರದ್ದೊಂದು ಬೇಕಾಗಿ ವೇಗಾ ಎಂದರು. ತಮಾಷೆ ಎಂದರೆ ಗ್ರೀಕಿನ 24 ಅಕ್ಷರಗಳಲ್ಲಿ ವೇಗಾ ಎಂಬುದೇ ಇಲ್ಲ! ಬರೆಯುವಾಗ ಇಂಗ್ಲಿಷಿನ ವಿ ತರಹ ಕಾಣುವ ನ್ಯೂ ಎಂಬ ಅಕ್ಷರವನ್ನು ಬರೆದು, ಓದುವಾಗ ವೇಗಾ ಎನ್ನುತ್ತಾರೆ. ಇದನ್ನು ಕೇಳಿ ನನ್ನ ತಮ್ಮ ಎಷ್ಟೋ ದಿನದ ಮೇಲೆ ನಕ್ಕ. "ಸುಳ್ಳು ಅಕ್ಷರಕ್ಕ ನಾ ಖರೇ ರೊಕ್ಕ ಕೊಟ್ಟೆ" ಎಂದ.

ವೇಗಾ ನಿಜಕ್ಕೂ ಒಂದು ನಕ್ಷತ್ರದ ಹೆಸರು. ನಮ್ಮ ಪಂಚಾಂಗದವರು ಅದನ್ನು ಅಭಿಜಿತ್ ಎನ್ನುತ್ತಾರೆ. ಅದಕ್ಕೂ ಒಂದು ಗ್ರೀಕ್ ಅಕ್ಷರ ಇದೆ. ಜರ್ಮನಿಯ ಯೋಹಾನ್ ಬೇಯರ್ 1603ರಲ್ಲಿ ಪ್ರಕಟಿಸಿದ ನಕ್ಷತ್ರಪಟದಲ್ಲಿ ಒಂದೊಂದು ನಕ್ಷತ್ರಪುಂಜದ ಚುಕ್ಕೆಗಳಿಗೂ ಆಲ್ಫಾ, ಬೀಟಾ, ಗಾಮಾ ಎಂದು ಹೆಸರು ಕೊಟ್ಟ. ಬಹುಮಟ್ಟಿಗೆ ಹೆಚ್ಚು ಹೊಳೆಯುವುದು ಆಲ್ಫಾ. ನಮ್ಮ ರೋಹಿಣಿ, ಚಿತ್ತೆ, ಸ್ವಾತಿ, ಜ್ಯೇಷ್ಠೆ, ಅಭಿಜಿತ್ ಎಲ್ಲವೂ ಅವರವರ ಪುಂಜದ ಆಲ್ಫಾಗಳೇ. ಆರ್ದ್ರೆ ಕೂಡ ಆಲ್ಫಾ, ಆದರೆ ಅದೇ ಪುಂಜದ ಬೀಟಾ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊಳೆಯುತ್ತದೆ.

ಆಲ್ಫಾ ಎಂದ ಕೂಡಲೇ ದೊಡ್ಡದು, ಬೀಟಾ ಎಂದರೆ ಅದಕ್ಕಿಂತ ಕಡಿಮೆ ಎನ್ನುವ ಭಾವನೆ ನಮ್ಮಲ್ಲಿ ಬೇರೂರಿದೆ. ಇತ್ತೀಚೆಗೆ ಮಕ್ಕಳ ಬಾಯಲ್ಲಿ ಆಲ್ಫಾ, ಸಿಗ್ಮಾ ಎಲ್ಲ ಗಂಡಸ್ತನದ ದರ್ಜೆಗಳಾಗಿರುವುದರಿಂದ ಇನ್ನೂ ಹೆಚ್ಚು. ನಮ್ಮ ಸೊಸೈಟಿಯಲ್ಲಿ ಒಂದು ಕುಟುಂಬ ಇದೆ. ಮಗನ ಮದುವೆ ಗೊತ್ತಾದ ಮೇಲೆ ಹುಡುಗ ಹುಡುಗಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದರು. ಇಬ್ಬರ ವರದಿಯಲ್ಲೂ ಬೀಟಾ ಥಲಸ್ಸೀಮಿಯಾ ಟ್ರೇಟ್ ಎಂದು ಬಂತು. ತಂದೆ ನನಗೆ ವರದಿ ತೋರಿಸಿ, "ಬೀಟಾ ತಾನೇ, ಆಲ್ಫಾ ಇದ್ದಿದ್ದರೆ ಯೋಚನೆ ಮಾಡಬೇಕಿತ್ತು" ಎಂದರು. ನಾನು ವೈದ್ಯನಲ್ಲ. ಆದರೂ ಇಷ್ಟು ಗೊತ್ತಿತ್ತು: ಅಲ್ಲಿ ಆಲ್ಫಾ, ಬೀಟಾ ಎನ್ನುವುದು ಹಿಮೋಗ್ಲೋಬಿನ್ನಿನ ಎರಡು ಬಗೆಯ ಸರಪಳಿಗಳ ಹೆಸರು. ರೋಗದ ದರ್ಜೆಯಲ್ಲ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತೈದು. ಅಂಥ ಮಗುವಿಗೆ ಜೀವನವಿಡೀ ರಕ್ತ ಕೊಡಿಸುತ್ತಿರಬೇಕಾಗುತ್ತದೆ. ದಯವಿಟ್ಟು ತಜ್ಞರ ಹತ್ತಿರ ಹೋಗಿ ಎಂದು ಒತ್ತಾಯ ಮಾಡಿದೆ. ಹೋದರು. ಮದುವೆ ಆಯಿತು; ಬಸಿರಾದ ಆರಂಭದಲ್ಲೇ ಪರೀಕ್ಷೆ ಮಾಡಿಸಬೇಕೆಂದು ಈಗ ಎರಡೂ ಮನೆಯವರಿಗೆ ಗೊತ್ತಿದೆ.

ನಾನು ಕೆಲಸದಲ್ಲಿದ್ದಾಗ ಗ್ರೀಕ್ ಅಕ್ಷರ ನನಗೂ ಒಮ್ಮೆ ಕೈಕೊಟ್ಟಿದೆ. ಒಂದು ಕಾರ್ಖಾನೆಗೆ ಅರ್ತಿಂಗ್ ಪರೀಕ್ಷೆಯ ವರದಿ ಕಳಿಸಬೇಕಿತ್ತು. ಭೂಮಿಗೆ ಹೋಗುವ ತಂತಿಯ ರೋಧ ಒಂದು ಓಮ್‌ಗಿಂತ ಕಡಿಮೆ ಇದೆ ಎಂದು ಪಟ್ಟಿ ಮಾಡಿದ್ದೆವು. ಓಮ್‌ಗೆ ಗುರುತು ಒಮೇಗಾ, ಕುದುರೆ ಲಾಳದ ಆಕಾರದ್ದು. ಇಂಗ್ಲಿಷಿನ ಓ ಹಾಕಿದರೆ ಪಕ್ಕದ ಅಂಕಿಗೆ ಇನ್ನೊಂದು ಸೊನ್ನೆ ಸೇರಿದಂತೆ ಕಾಣುತ್ತದಲ್ಲ. ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿತ್ತು. ಅವರ ಕಡೆ ತೆರೆದಾಗ ಒಮೇಗಾ ಇದ್ದಲ್ಲೆಲ್ಲ ಇಂಗ್ಲಿಷಿನ ಡಬ್ಲ್ಯೂ ಬಂದಿತ್ತು. ಡಬ್ಲ್ಯೂ ಎಂದರೆ ವ್ಯಾಟ್. ನೆಲದಲ್ಲಿ ವ್ಯಾಟ್ ಎಲ್ಲಿಂದ ಬಂತು ಸಾಹೇಬರೇ ಎಂದು ಅವರ ಮ್ಯಾನೇಜರ್ ಫೋನಿನಲ್ಲಿ ಜೋರು ಮಾಡಿದರು.

ಕಾರಣ ನಿಮಗೆ ಹೇಳಬೇಕಾಗಿಲ್ಲ. ಬರಹ, ನುಡಿಯಲ್ಲಿ ಟೈಪು ಮಾಡಿದ ಕನ್ನಡ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಪರದೆ ತುಂಬ ವಿಚಿತ್ರ ಚಿಹ್ನೆಗಳನ್ನು ಕಂಡವರು ನಾವೆಲ್ಲ. ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳ ಅರ್ಧ ಶ್ರಮ ಒಂದು ಕಾಲದಲ್ಲಿ ಅದರಲ್ಲೇ ಹೋಗುತ್ತಿತ್ತು. ಸಿಂಬಲ್ ಎಂಬ ಹಳೆಯ ಫಾಂಟೂ ಅದೇ ಜಾತಿಯದು. ಒಳಗೆ ಇರುವುದು ಡಬ್ಲ್ಯೂ, ಮೇಲೆ ತೋರುವುದು ಒಮೇಗಾ. ಒಳಗೆ ಎಂ, ಮೇಲೆ ಮ್ಯೂ. ಫಾಂಟು ತಪ್ಪಿದರೆ ವೇಷ ಕಳಚಿಬಿಡುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೂ ಗ್ರೀಕಿಗೂ ಸ್ವಂತ ಜಾಗ ಸಿಕ್ಕಿತು.

ಒಮೇಗಾ ಡಬ್ಲ್ಯೂ ಆದರೆ ನಗಬಹುದು. ಮ್ಯೂ ಎಂ ಆದರೆ ನಗುವಂತಿಲ್ಲ. ಮಿಲಿ ಎನ್ನುವುದಕ್ಕೆ ಎಂ ಆಗಲೇ ಹೋಗಿದ್ದರಿಂದ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ ಮೈಕ್ರೋಗೆ, ಮ್ಯೂ ಕೊಟ್ಟರು. ಮೈಕ್ರೋಗ್ರಾಮ್ ಮಿಲಿಗ್ರಾಮ್ ಆಗಿಬಿಟ್ಟರೆ ಔಷಧಿಯ ಪ್ರಮಾಣ ಸಾವಿರ ಪಟ್ಟು. ಅವಸರದಲ್ಲಿ ಬರೆದ ಮ್ಯೂ ಎಂ ಹಾಗೆಯೇ ಕಾಣುತ್ತದೆ. ಆದ್ದರಿಂದ ಔಷಧ ಸುರಕ್ಷತೆಯ ಬಗ್ಗೆ ಕೆಲಸ ಮಾಡುವವರು ಚೀಟಿಯಲ್ಲಿ ಆ ಗ್ರೀಕ್ ಅಕ್ಷರ ಬೇಡವೇ ಬೇಡ, ಎಂಸಿಜಿ ಎಂದೇ ಬರೆಯಿರಿ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಹಾಳೆ ತಿರುಗಿಸಿ ನೋಡಿ, ಎಂಸಿಜಿ ಎಂದೇ ಇರುತ್ತದೆ. ನನ್ನ ಹೆಂಡತಿ 50 ಎಂಸಿಜಿಯವಳು. ಊರಿಗೆ ಹೋಗುವಾಗ ಹಾಳೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡೇ ಹೋಗುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಮನೆಗಳಿರುವುದು ಡೆಲ್ಟಾಗೆ ಎಂದು ನನ್ನ ಅಂದಾಜು. ಮುಕ್ಕೋನದ ಆಕಾರ ನೋಡಿ ಪ್ರಾಚೀನ ಗ್ರೀಕರು ನೈಲ್ ನದಿ ಕವಲೊಡೆದು ಸಮುದ್ರ ಸೇರುವ ನೆಲವನ್ನು ಡೆಲ್ಟಾ ಎಂದರು. ಚೆನ್ನೈಯಲ್ಲಿರುವ ಓದುಗರು ಪತ್ರಿಕೆಯಲ್ಲಿ ಕಾವೇರಿ ಡೆಲ್ಟಾ ಜಿಲ್ಲೆಗಳ ಸುದ್ದಿಯನ್ನು ದಿನವೂ ನೋಡುತ್ತಿರಬಹುದು. ಗಣಿತದಲ್ಲಿ ಅದು ವ್ಯತ್ಯಾಸ. ಮಿದುಳಿನ ಅಲೆ ಅಳೆಯುವವರಿಗೆ ಗಾಢ ನಿದ್ರೆಯ ನಿಧಾನದ ಅಲೆ. 2021ರಲ್ಲಿ ಅದೇ ಹೆಸರು ಕೇಳಿ ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತೆವು. ಭಾರತದಲ್ಲಿ ಮೊದಲು ಕಂಡ ಕೊರೋನಾ ರೂಪಕ್ಕೆ ದೇಶದ ಹೆಸರು ಅಂಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮೇ 31ರಂದು ಗ್ರೀಕ್ ಅಕ್ಷರಗಳನ್ನು ಗೊತ್ತುಮಾಡಿತು. ನವೆಂಬರಿನಲ್ಲಿ ನ್ಯೂ ಸರದಿ ಬಂದಾಗ, ಅದು ಇಂಗ್ಲಿಷಿನ ಹೊಸದು ಎಂಬ ಮಾತಿನಂತೆ ಕೇಳುತ್ತದೆಂದು ಬಿಟ್ಟರು. ಮುಂದಿನ ಕ್ಸೈ ಚೀನಾದಲ್ಲಿ ಸಾಮಾನ್ಯ ಮನೆತನದ ಹೆಸರೆಂದು ಅದನ್ನೂ ಬಿಟ್ಟು ಒಮಿಕ್ರಾನಿಗೆ ಹಾರಿದರು. ಅದೇ 2021ರ ಮಾರ್ಚಿನಲ್ಲಿ ಹವಾಮಾನ ಸಂಸ್ಥೆಯವರು ಅಟ್ಲಾಂಟಿಕ್ ಚಂಡಮಾರುತಗಳಿಗೆ ಗ್ರೀಕ್ ಅಕ್ಷರ ಇಡುವುದನ್ನೇ ಕೈಬಿಟ್ಟಿದ್ದರು. ಜೀಟಾ, ಈಟಾ, ಥೀಟಾ ಒಂದರ ಹಿಂದೊಂದು ಬಂದರೆ ರೇಡಿಯೋ ಕೇಳುವವನಿಗೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ನಮ್ಮ ಸೋದರಮಾವ ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದರು. ಅವರಿಗೆ ಡೆಲ್ಟಾ ಎಂದರೆ ಬೆಳೆ ಬಿತ್ತಿದಾಗಿನಿಂದ ಕೊಯ್ಲಿನವರೆಗೆ ಬೇಕಾಗುವ ಒಟ್ಟು ನೀರನ್ನು ಹೊಲದಲ್ಲಿ ಒಮ್ಮೆಗೇ ನಿಲ್ಲಿಸಿದರೆ ಆಗುವ ಆಳ. ಭತ್ತಕ್ಕೆ ಸುಮಾರು 120 ಸೆಂಟಿಮೀಟರ್ ಎಂದು ಪಠ್ಯಪುಸ್ತಕಗಳ ಲೆಕ್ಕ. ಕಾಲುವೆಗೆ ಎಷ್ಟು ನೀರು ಬಿಡಬೇಕೆಂಬುದು ಇದರ ಮೇಲೆಯೇ ನಿಲ್ಲುತ್ತದೆ. ನಾನು ಇಂಜಿನಿಯರಿಂಗ್ ಮೊದಲ ವರ್ಷ ಮುಗಿಸಿ ಊರಿಗೆ ಹೋದಾಗ, "ಡೆಲ್ಟಾ ಕಲಿಸ್ಯಾರೇನು?" ಎಂದು ಕೇಳಿದ್ದರು. ಹೌದು ಎಂದೆ. "ಹಂಗಾರ ಕಬ್ಬಿಗೆ ಎಷ್ಟು ಹೇಳು" ಎಂದರು. ನಾನು ಬಾಯಿ ಬಿಟ್ಟು ನಿಂತೆ. ಶುಲ್ಕ ದಂಡ ಎಂದು ಎಲ್ಲರ ಮುಂದೆ ಅಂದರು. ನನಗೆ ಆಗ ಗೊತ್ತಿದ್ದದ್ದು ಸ್ಟಾರ್-ಡೆಲ್ಟಾ ಮಾತ್ರ. ದೊಡ್ಡ ಮೋಟಾರಿನ ಮೂರು ಸುರುಳಿಗಳನ್ನು ಶುರುವಿಗೆ ನಕ್ಷತ್ರದಂತೆ ಜೋಡಿಸಿದರೆ ಎಳೆಯುವ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ವೇಗ ಹಿಡಿದ ಮೇಲೆ ಮುಕ್ಕೋನಕ್ಕೆ ಬದಲಿಸುತ್ತಾರೆ.

ಒಂದೇ ಡಬ್ಬಿಯ ಮೇಲೆ ಎರಡು ಅಕ್ಷರ ಎರಡು ಬೇರೆ ಲೆಕ್ಕದಲ್ಲಿ ಇರುವುದೂ ಉಂಟು. ನನ್ನ ಹೆಂಡತಿ ಮಾಡುವ ಅಗಸಿ ಹಿಂಡಿ ಈಗ ಮಗಳ ಗೆಳತಿಯರಿಗೆ ಒಮೇಗಾ-3 ಆಗಿದೆ. ಕೊಬ್ಬಿನಾಮ್ಲ ಉದ್ದನೆಯ ಇಂಗಾಲದ ಸರಪಳಿ. ಒಮೇಗಾ ಗ್ರೀಕಿನ ಕಟ್ಟಕಡೆಯ ಅಕ್ಷರವಾದ್ದರಿಂದ ಸರಪಳಿಯ ಕೊನೆಯ ತುದಿಗೆ ಆ ಹೆಸರು. ಅಲ್ಲಿಂದ ಎಣಿಸಿದರೆ ಮೂರನೇ ಇಂಗಾಲದಲ್ಲಿ ಮೊದಲ ಜೋಡಿ ಬಂಧ. ಆದರೆ ಅಗಸೆಯಲ್ಲಿರುವ ಆ ಒಮೇಗಾದ ಪೂರ್ತಿ ಹೆಸರು ಆಲ್ಫಾ ಲಿನೋಲೆನಿಕ್ ಆಮ್ಲ. ಮೊದಲನೆಯದೂ ಅದೇ, ಕೊನೆಯದೂ ಅದೇ! ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ಎರಡೂ ರೊಟ್ಟಿಗೆ ಚೆನ್ನಾಗಿರುತ್ತವೆ.

ಗ್ರೀಕ್ ಅಕ್ಷರಗಳು ನಮಗೆ ಪರಕೀಯ ಎನ್ನುವವರಿಗೆ ಒಂದು ಮಾತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕಡಲತೀರದ ರಾಜ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ. ಆ ಮಾತುಗಳನ್ನು ಗ್ರೀಕ್ ಲಿಪಿಯಲ್ಲೇ ಬರೆದಿದ್ದಾರೆ. ಅವು ಕನ್ನಡ ಎಂದು ಹುಲ್ಟ್ಷ್ ವಾದಿಸಿದರು, ಗೋವಿಂದ ಪೈಗಳೂ ಆ ಬಗ್ಗೆ ಬರೆದರು. ತುಳು ಎಂದವರಿದ್ದಾರೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಇರಲಿ, ಜಗಳ ಇನ್ನೂ ಮುಗಿದಿಲ್ಲ.

ತಮ್ಮ ಕೊನೆಗೆ ಹೆಂಡತಿಗೆ ಹೇಳಿದ. ಹೇಳುವಾಗ ನಾನೂ ಇರಬೇಕೆಂದು ಕೇಳಿಕೊಂಡಿದ್ದರಿಂದ ಡೆಕ್ಕನ್ ಕ್ವೀನ್ ಹಿಡಿದು ಹೋಗಿದ್ದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ನನಗ ತಿಳಿಯೂದಿಲ್ಲ ಅಂತ ಹೇಳಲಿಲ್ಲೇನು?" ಎಂದು ಒಂದೇ ಮಾತು ಕೇಳಿದಳು. ಅವನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲಿನಿಂದ ಆ ಆ್ಯಪ್ ತೆಗೆಸಿದಳು. ಉಳಿದ ಹಣ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹೋಯಿತು. ಒಂಬತ್ತು ಲಕ್ಷ ಮಾತ್ರ ಹೋದದ್ದು ಹೋದದ್ದೇ. ಈ ಬರಹಕ್ಕೆ ಅವನ ಒಪ್ಪಿಗೆ ಇದೆ. ಬರಿ, ಆದರೆ ಕಾಲೇಜಿನ ಹೆಸರು ಬರೀಬ್ಯಾಡ ಎಂದಿದ್ದಾನೆ.

ಸಂಕ್ರಾಂತಿಗೆ ಇಬ್ಬರೂ ಕೂಡಿಯೇ ಧಾರವಾಡಕ್ಕೆ ಹೋಗಿದ್ದೆವು. ಹೊಲದ ಪಂಪು ಕೆಟ್ಟು ನಾಲ್ಕು ದಿನವಾಗಿತ್ತು. ಪಕ್ಕದ ಹಳ್ಳಿಯಿಂದ ಬಂದ ಮೆಕ್ಯಾನಿಕ್ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರರವನು, ಡಬ್ಬಿ ಬಿಚ್ಚಿ ನೋಡಿ, "ಸ್ಟಾರ್‌ದಾಗ ಛಲೋ ತಗೋತದರಿ, ಡೆಲ್ಟಾಕ್ಕ ಬಿದ್ದ ಕೂಡ್ಲೆ ಟ್ರಿಪ್ ಆಗ್ತದ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಅವನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

"ಡೆಲ್ಟಾ ಅಂದ್ರ ನಿಮ್ಮ ಕಡೆ ಏನಪಾ? ನನಗ ಒಂಚೂರು ಬಿಡಿಸಿ ಹೇಳು."

ಹುಡುಗ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಮಣ್ಣಿನಲ್ಲಿ ಒಂದು ಮುಕ್ಕೋನ ಗೀರಿದ.